ಅಡುಗೆಮನೆಯ ಒಲೆ ಬದಲಿಸುವ ಮುನ್ನ ಶುಭಾಳಿಗೊಂದು ಪತ್ರ

ಮೈಸೂರು

ಚಿ॥ ಸೌ॥ ಶುಭಾಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲರೂ ಕ್ಷೇಮ.

ಬಸವನಗುಡಿಯ ಮನೆಯ ಅಡುಗೆಮನೆಯನ್ನು ಹೊಸದಾಗಿ ಮಾಡಿಸುತ್ತಿರುವಿರೆಂದೂ, ಕಟ್ಟೆಯ ಮೇಲಿನ ಹಳೆಯ ಗ್ಯಾಸ್ ಒಲೆಯ ಬದಲು ಗ್ರಾನೈಟಿನೊಳಗೆ ಕೂರಿಸುವ ಹಾಬ್ ಮತ್ತು ಗೋಡೆಯ ಬೀರುವಿನಲ್ಲಿ ಕೂರುವ ಓವನ್ ಹಾಕಿಸುವ ಯೋಚನೆಯಿದೆಯೆಂದೂ ನಿನ್ನ ಅಪ್ಪ ತಿಳಿಸಿದ. ಕೇಳಿ ಸಂತೋಷವಾಯಿತು. ಆದರೆ ಮುಂದಿನ ವಾರವೇ ಗ್ರಾನೈಟ್ ಕತ್ತರಿಸುವವರು ಬರುತ್ತಾರೆ, ಹಾಬ್ ಯಾವುದೆಂಬುದು ಮಾತ್ರ ಇನ್ನೂ ನಿಶ್ಚಯವಾಗಿಲ್ಲ ಎಂದಾಗ ಮನಸ್ಸು ತಡೆಯಲಿಲ್ಲ. ಮೊದಲು ಒಲೆ ಗೊತ್ತಾಗಬೇಕು, ಆಮೇಲೆ ವೈರು ಮತ್ತು ಗ್ಯಾಸ್ ಪೈಪು, ಕಲ್ಲು ಕತ್ತರಿಸುವುದು ಕಟ್ಟಕಡೆಗೆ. ಈ ಕ್ರಮ ತಿರುವುಮುರುವಾದರೆ ನಿನಗೆ ಬೇಕಾದ ಒಲೆಯಲ್ಲ, ತೂತಿಗೆ ಹೊಂದುವ ಒಲೆ ಮನೆಗೆ ಬರುತ್ತದೆ.

ಅಂಗಡಿಗೆ ಹೋಗುವ ಮುನ್ನ ನಿಮ್ಮ ಮನೆಯಲ್ಲಿ ನಿತ್ಯ ಏನು ಬೇಯುತ್ತದೆ ಎಂಬುದನ್ನು ಯೋಚಿಸು. ನಿಮ್ಮ ಅತ್ತೆಯವರು ವಿಜಯಪುರದ ಕಡೆಯವರು. ಜೋಳದ ರೊಟ್ಟಿಯನ್ನು ಬಡಿದು, ಹಂಚಿನ ಮೇಲೆ ಹಾಕಿ, ನೀರು ಸವರಿ, ತಿರುವಿ, ಕೊನೆಗೆ ನೇರವಾಗಿ ಉರಿಯ ಮೇಲಿಟ್ಟು ಉಬ್ಬಿಸುವವರು. ಆ ಕೆಲಸ ಇಂಡಕ್ಷನ್ ಒಲೆಯಲ್ಲಿ ಆಗುವುದಿಲ್ಲ, ಬದನೆಕಾಯಿ ಸುಡುವುದೂ ಆಗುವುದಿಲ್ಲ. ಇಂಡಕ್ಷನ್ ಕಾಯಿಸುವುದು ಆಯಸ್ಕಾಂತ ಅಂಟುವ ತಳವಿರುವ ಪಾತ್ರೆಯನ್ನು ಮಾತ್ರ. ದೋಸೆಯ ಕಬ್ಬಿಣದ ಕಾವಲಿ ಅದಕ್ಕೆ ಒಗ್ಗುತ್ತದೆ. ಕಂಚು, ಹಿತ್ತಾಳೆ, ಬರಿಯ ಅಲ್ಯೂಮಿನಿಯಂ, ಬಳಪದ ಕಲ್ಲಿನ ಪಾತ್ರೆಗಳು ಒಗ್ಗುವುದಿಲ್ಲ. ಇಂಡಕ್ಷನ್ ಕೆಟ್ಟದ್ದೆಂದು ಇದರ ಅರ್ಥವಲ್ಲ. ಹಾಲು ಕಾಯಿಸಲು, ಅನ್ನಕ್ಕೆ, ಬೇಸಗೆಯಲ್ಲಿ ಅಡುಗೆಮನೆ ತಂಪಾಗಿರಲು ಅದು ಬಹಳ ಅನುಕೂಲ. ಆದ್ದರಿಂದ ಮುಖ್ಯ ಒಲೆ ಗ್ಯಾಸಿನದ್ದೇ ಇರಲಿ, ಪಕ್ಕದಲ್ಲಿ ಎತ್ತಿಡಬಹುದಾದ ಒಂದೇ ಬರ್ನರಿನ ಇಂಡಕ್ಷನ್ ಇರಲಿ ಎಂಬುದು ನನ್ನ ಸಲಹೆ. ರಾಗಿಮುದ್ದೆಯನ್ನು ಒಲೆಯ ಮೇಲೆಯೇ ತಿರುವುವ ರೂಢಿಯಿರುವುದರಿಂದ, ಪಾತ್ರೆ ಕೂರುವ ಕಂಬಿಗಳು ಎರಕದ ಕಬ್ಬಿಣದವೂ ಗಾಜಿನ ಮೇಲೆ ಜಾರದವೂ ಆಗಿರಬೇಕು. ಅಂಗಡಿಯಲ್ಲಿ ನಿನ್ನದೇ ಪಾತ್ರೆಯನ್ನು ಅದರ ಮೇಲಿಟ್ಟು ಅಲುಗಿಸಿ ನೋಡು. ಯಾರು ಏನೆಂದುಕೊಂಡರೂ ಸಂಕೋಚ ಬೇಡ.

ಗ್ಯಾಸ್ ಎಂದ ಮೇಲೆ ಯಾವ ಗ್ಯಾಸ್ ಎಂಬುದನ್ನೂ ತೀರ್ಮಾನಿಸಿರಬೇಕು. ನಿಮ್ಮ ಬೀದಿಗೆ ಪೈಪಿನ ಗ್ಯಾಸ್ ಬಂದಿದೆಯೆಂದು ಕೇಳಿದ್ದೇನೆ. ಸಿಲಿಂಡರಿನ ಎಲ್‌ಪಿಜಿ ಒಲೆಗೆ ಸುಮಾರು 30 ಮಿಲಿಬಾರ್ ಒತ್ತಡದಲ್ಲಿ ಬರುತ್ತದೆ, ಪೈಪಿನ ನೈಸರ್ಗಿಕ ಅನಿಲ ಸುಮಾರು 21 ಮಿಲಿಬಾರ್‌ನಲ್ಲಿ ಬರುತ್ತದೆ. ಅಷ್ಟೇ ಗಾತ್ರದ ಅನಿಲದಲ್ಲಿ ಎಲ್‌ಪಿಜಿಯ ಶಾಖ ಎರಡೂವರೆ ಪಟ್ಟಿನಷ್ಟು. ಹೀಗಾಗಿ ಬರ್ನರಿಗೆ ಗ್ಯಾಸ್ ಬಿಡುವ ಸಣ್ಣ ಮೂತಿ, ಅಂದರೆ ಜೆಟ್ಟಿನ ರಂಧ್ರ ಎಲ್‌ಪಿಜಿಗೆ ಸಣ್ಣದು, ಪೈಪಿನ ಗ್ಯಾಸಿನದು ದೊಡ್ಡದು. ಎಲ್‌ಪಿಜಿ ಜೆಟ್ಟಿರುವ ಹಾಬನ್ನು ಪೈಪಿಗೆ ಜೋಡಿಸಿದರೆ ಉರಿ ಬಡವಾಗುತ್ತದೆ, ಅಷ್ಟೇ. ಪೈಪಿನ ಜೆಟ್ಟಿಗೆ ಸಿಲಿಂಡರ್ ಜೋಡಿಸಿದರೆ ಹಳದಿ ಜ್ವಾಲೆ ಎತ್ತರಕ್ಕೆದ್ದು ಪಾತ್ರೆ ಮಸಿಯಾಗುವುದಲ್ಲದೆ ಅಪಾಯವೂ ಉಂಟು. ಹಾಬಿನ ತಳದಲ್ಲಿ ಅಂಟಿಸಿರುವ ಚೀಟಿಯಲ್ಲಿ ಅದು ಯಾವ ಅನಿಲಕ್ಕೆ, ಎಷ್ಟು ಒತ್ತಡಕ್ಕೆ ಎಂದು ಬರೆದಿರುತ್ತದೆ. ಕೂರಿಸಿದ ಮೇಲೆ ಅದು ಕಾಣುವುದಿಲ್ಲವಾದ್ದರಿಂದ ಮೊದಲೇ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೋ. ಜೆಟ್ ಬದಲಿಸುವ ಕೆಲಸ ಕಂಪನಿಯವರೇ ಮಾಡಲಿ, ಬಡಗಿಯೋ ಪ್ಲಂಬರೋ ಕೈ ಹಾಕುವುದು ಬೇಡ.

ಒಂದು ವಿಷಯದಲ್ಲಿ ಮಾತ್ರ ಹಣದ ಮುಖ ನೋಡಬೇಡ. ಹಾಲು ಉಕ್ಕಿ ಉರಿ ಆರಿದಾಗ ಗ್ಯಾಸನ್ನು ತಾನಾಗಿಯೇ ನಿಲ್ಲಿಸುವ ವ್ಯವಸ್ಥೆ ಕೆಲವು ಹಾಬ್‌ಗಳಲ್ಲಿದೆ. ಅಂಗಡಿಯವರು ಅದನ್ನು ಎಫ್‌ಎಫ್‌ಡಿ ಎನ್ನುತ್ತಾರೆ. ಬರ್ನರಿನ ಪಕ್ಕದಲ್ಲಿ ಒಂದು ಸಣ್ಣ ಲೋಹದ ಕಡ್ಡಿ ನಿಂತಿರುತ್ತದೆ. ಅದು ಬಿಸಿಯಿರುವವರೆಗೂ ಒಳಗಿನ ಕವಾಟ ತೆರೆದಿರುತ್ತದೆ, ತಣ್ಣಗಾದರೆ ಮುಚ್ಚಿಕೊಳ್ಳುತ್ತದೆ. ಹಚ್ಚುವಾಗ ನಾಬನ್ನು ಕೆಲವು ಕ್ಷಣ ಒತ್ತಿ ಹಿಡಿಯಬೇಕಾಗುತ್ತದೆ, ಮೊದಮೊದಲು ಅದು ಕಿರಿಕಿರಿಯೆನಿಸಬಹುದು. ವಯಸ್ಸಾದವರೂ ಮಕ್ಕಳೂ ಇರುವ ಮನೆಯಲ್ಲಿ ಈ ಸೌಲಭ್ಯವಿಲ್ಲದ ಹಾಬನ್ನು ಕೊಳ್ಳಲು ನಾನು ಒಪ್ಪಲಾರೆ.

ಇನ್ನು ಕಲ್ಲಿನ ಮಾತು. 60 ಸೆಂಟಿಮೀಟರಿನ ಹಾಬಿಗೆ ಸಾಮಾನ್ಯವಾಗಿ 560 ಮಿಲಿಮೀಟರ್ ಅಗಲ, 480ರಿಂದ 490 ಮಿಲಿಮೀಟರ್ ಆಳದ ತೂತು ಬೇಕಾಗುತ್ತದೆಯಾದರೂ ಮಾದರಿಯಿಂದ ಮಾದರಿಗೆ ಅಳತೆ ಬೇರೆಯಾಗುತ್ತದೆ. ಪೆಟ್ಟಿಗೆಯೊಳಗೆ ಬರುವ ಅಳತೆಯ ಕಾಗದವನ್ನೇ ಕಲ್ಲಿನ ಮೇಲೆ ಹಾಸಿ ಗುರುತು ಹಾಕಿಸು, ಬಾಯಿಮಾತಿನ ಅಳತೆಗೆ ಕತ್ತರಿಸಲು ಬಿಡಬೇಡ. ಒಳಮೂಲೆಗಳನ್ನು ಚೂಪಾಗಿ ಕತ್ತರಿಸಿದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಮೊದಲು ಮೂಲೆಯಲ್ಲಿ ಡ್ರಿಲ್ಲಿನಿಂದ ದುಂಡಗೆ ಕೊರೆದು, ಆಮೇಲೆ ಒಂದು ರಂಧ್ರದಿಂದ ಇನ್ನೊಂದಕ್ಕೆ ಕತ್ತರಿಸಲು ಹೇಳು. ತೂತಿನ ಮುಂದೆ ಹಿಂದೆ ಉಳಿಯುವ ಕಲ್ಲಿನ ಪಟ್ಟಿ ತೀರ ಸಣ್ಣದಾದರೆ ಸಾಗಿಸುವಾಗಲೇ ಮುರಿಯುತ್ತದೆ. ಕಿಟಕಿಯ ನೇರಕ್ಕೆ ಒಲೆ ಬಾರದಂತೆಯೂ ನೋಡಿಕೋ, ಆಷಾಢದ ಗಾಳಿಗೆ ಸಣ್ಣ ಉರಿ ನಿಲ್ಲುವುದಿಲ್ಲ.

ಸಿಲಿಂಡರನ್ನು ಕಟ್ಟೆಯ ಕೆಳಗಿನ ಬೀರುವಿನಲ್ಲಿ ಮುಚ್ಚಿಡುವುದಾದರೆ ಬಾಗಿಲಿನ ಕೆಳಭಾಗದಲ್ಲಿ ಜಾಲರಿ ಇರಲೇಬೇಕು. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲದಲ್ಲಿಯೇ ಕೂಡಿಕೊಳ್ಳುತ್ತದೆ. ರಬ್ಬರ್ ಕೊಳವೆಯನ್ನು ಗೋಡೆಯೊಳಗೆ ಹಾಯಿಸಕೂಡದು, ಕಣ್ಣಿಗೆ ಕಾಣುವಂತಿರಬೇಕು. ‘ಸುರಕ್ಷಾ’ ಎಂಬ ಹೆಸರಿನಲ್ಲಿ ಸಿಗುವ ಆ ರಬ್ಬರ್ ಕೊಳವೆಯನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು. ನಿಮ್ಮ ಹಳೆಯದನ್ನೇ ಹೊಸ ಹಾಬಿಗೆ ಸಿಕ್ಕಿಸುವುದು ಬೇಡ.

ಓವನ್ನಿನ ವಿಷಯಕ್ಕೆ ಬಂದರೆ, ಗೋಡೆಗೆ ಗಾರೆ ಹೊಡೆಯುವ ಮುನ್ನವೇ ವೈರಿಂಗ್ ಮುಗಿದಿರಬೇಕು. ಬೀರುವಿನಲ್ಲಿ ಕೂರುವ ಓವನ್ನು ಸುಮಾರು 3 ಕಿಲೋವಾಟ್ ಎಳೆಯುತ್ತದೆ, ಅಂದರೆ 230 ವೋಲ್ಟಿನಲ್ಲಿ 13 ಆಂಪಿಯರ್. ಮಿಕ್ಸಿಯ ಪ್ಲಗ್ಗಿನಿಂದ ಅದಕ್ಕೆ ವೈರು ಎಳೆಯುವುದು ಎಂದಿಗೂ ಕೂಡದು. ಮನೆಯ ವಿದ್ಯುತ್ ಹಂಚುವ ಡಿಬಿ ಪೆಟ್ಟಿಗೆಯಿಂದ ನೇರವಾಗಿ 4 ಚದರ ಮಿಲಿಮೀಟರಿನ ತಾಮ್ರದ ವೈರು, ಲೋಡ್ ಹೆಚ್ಚಾದರೆ ವಿದ್ಯುತ್ ಕಡಿಯುವ ಪ್ರತ್ಯೇಕ ಎಂಸಿಬಿ ಸ್ವಿಚ್ಚು, ಸರಿಯಾದ ಅರ್ತಿಂಗ್, ವಿದ್ಯುತ್ ಸೋರಿದರೆ ತಕ್ಷಣ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇವಿಷ್ಟೂ ಇರಲಿ. 16 ಆಂಪಿಯರಿನ ಸಾಕೆಟ್ಟನ್ನು ಓವನ್ನಿನ ಬೆನ್ನಿಗೆ ಇಡಿಸದೆ ಪಕ್ಕದ ಬೀರುವಿನಲ್ಲಿ ಇಡಿಸಿದರೆ, ತುರ್ತಿನಲ್ಲಿ ಕೈಗೆ ಸಿಗುತ್ತದೆ. ಮುಂದೆಂದಾದರೂ ನಾಲ್ಕು ಬರ್ನರಿನ ಇಂಡಕ್ಷನ್ ಬೇಕೆನಿಸಿದರೆ ಅದೊಂದೇ 7 ಕಿಲೋವಾಟ್ ಮೀರಬಹುದು. ಹಾಗಾಗಿ ಈಗಲೇ ಒಲೆಯ ಜಾಗಕ್ಕೂ ವೈರು ಹಾಯಿಸುವ ಒಂದು ಖಾಲಿ ಕೊಳವೆ (ಕಾಂಡ್ಯೂಟ್) ಹಾಕಿಸಿಟ್ಟಿರು, ಖರ್ಚು ಅತ್ಯಲ್ಪ. ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟೆಂದು ನೋಡಿ, ಸಾಲದಿದ್ದರೆ ಹೆಚ್ಚಿಸಲು ಅರ್ಜಿ ಹಾಕು.

ಓವನ್ನಿನ ಎತ್ತರವನ್ನು ಚಿತ್ರ ನೋಡಿ ನಿರ್ಧರಿಸದೆ, ನೀನೇ ಗೋಡೆಯೆದುರು ನಿಂತು ನಿರ್ಧರಿಸು. ಬಿಸಿ ತಟ್ಟೆಯನ್ನು ಹೊರಗೆಳೆಯುವಾಗ ಅದು ಮೊಣಕೈಯ ಮಟ್ಟದ ಆಸುಪಾಸಿನಲ್ಲಿರಬೇಕು, ಭುಜದ ಮಟ್ಟಕ್ಕೆ ಬಂದರೆ ಕೈ ಸುಡುತ್ತದೆ. ಚಿಮಣಿ ಹಾಬಿನಿಂದ 65ರಿಂದ 75 ಸೆಂಟಿಮೀಟರ್ ಮೇಲಿರಲಿ, ಅದರ ಕೊಳವೆ ಹೆಚ್ಚು ತಿರುವುಗಳಿಲ್ಲದೆ ಹೊರಗೋಡೆಗೆ ಹೋಗಲಿ. ಒಗ್ಗರಣೆಯ ಹೊಗೆಗೆ ಬೇಕಾದದ್ದು ಅಷ್ಟೇ.

ಎಲ್ಲ ಕೂರಿಸಿದ ದಿನ ಕೆಲಸದವರು ಹೊರಡುವ ಮುನ್ನ ಪ್ರತಿಯೊಂದು ಜೋಡಣೆಗೂ ಸೋಪಿನ ನೊರೆ ಹಚ್ಚಿಸಿ ಗುಳ್ಳೆ ಏಳುತ್ತದೆಯೇ ನೋಡು. ಬೆಂಕಿಕಡ್ಡಿ ಗೀರಿ ಪರೀಕ್ಷಿಸಲು ಯಾರನ್ನೂ ಬಿಡಬೇಡ. ಎಲ್‌ಪಿಜಿ ಸೋರಿಕೆಯ ತುರ್ತು ಸಂಖ್ಯೆ 1906 ಎಂಬುದನ್ನು ಅತ್ತೆಯವರ ಫೋನಿನಲ್ಲಿಯೂ ಹಾಕಿಕೊಡು. ಹಾಬಿನ ಮಾದರಿ ನಿಶ್ಚಯವಾದೊಡನೆ ಅದರ ಅಳತೆಯ ಕಾಗದವನ್ನೂ ಎಲೆಕ್ಟ್ರಿಷಿಯನ್ ಬರೆದ ನಕ್ಷೆಯನ್ನೂ ನನಗೆ ವಾಟ್ಸ್‌ಆ್ಯಪಿನಲ್ಲಿ ಕಳಿಸು, ಅದೇ ದಿನ ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಗ್ರಾನೈಟಿನವರಿಗೆ ಬರಬೇಡಿರೆಂದು ಇಂದೇ ಫೋನ್ ಮಾಡಿಬಿಡು.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ