ಬುಟ್ಟಿಗೆ, ಅಮ್ಮನಿಂದ

ತಿಪಟೂರು
ಅಕ್ಟೋಬರ್ 2025

ಪ್ರೀತಿಯ ಪುಟ್ಟಿ,

ಕಳೆದ ತಿಂಗಳು ನಾನು ಲೆಬನಾನಿನ ಬೈರುತ್‌ಗೆ ಹೊರಟಾಗ ನೀನು ಹಾಸ್ಟೆಲ್ಲಿನಿಂದ ಫೋನ್ ಮಾಡಿ ಒಂದು ಮಾತು ಕೇಳಿದೆ. "ಅಲ್ಲಿ ನಮಗೆ ಯಾರಿದ್ದಾರೆ ಅಂತ ಹೋಗ್ತಿದ್ದೀಯಮ್ಮಾ?" ಸೂಟ್‌ಕೇಸ್ ತುಂಬುವ ಗಡಿಬಿಡಿಯಲ್ಲಿದ್ದೆ, ಸರಿಯಾಗಿ ಉತ್ತರ ಕೊಡಲಿಲ್ಲ. ವಾಪಸ್ ಬಂದ ಮೇಲೆ ಹೇಳೋಣ ಅಂದರೆ, ಬೈರುತ್ ಹೆಸರೆತ್ತಿದ ಕೂಡಲೇ ನೀನು ಮಾತು ಬದಲಾಯಿಸುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದವಾದರೆ ನಿನಗೆ ಬೇಕಾದಾಗ ಓದಬಹುದು, ಬೇಡ ಅನ್ನಿಸಿದರೆ ಮಡಚಿ ಇಡಬಹುದು.

ನಿನಗೆ ಬೈರುತ್ ಅಂದರೆ ಆ ಒಂದು ಸಂಜೆ. ನನಗೆ ಗೊತ್ತು ಕಂದ. ನಾಲ್ಕು ವರ್ಷದವಳಿದ್ದಾಗ ಹೋದೆ, ಹನ್ನೊಂದಕ್ಕೆ ವಾಪಸ್ ಬಂದೆ. ಆ ಏಳು ವರ್ಷವನ್ನೂ ಒಂದು ಸಂಜೆ ನುಂಗಿಬಿಟ್ಟಿತು. ಉಳಿದದ್ದನ್ನಾದರೂ ನಿನ್ನ ಕೈಗೆ ಕೊಡಬೇಕು ಅಂತ ನನ್ನ ಆಸೆ.

ನೀನು "ಬುಟ್ಟಿ" ಆದದ್ದು ನೆನಪಿದೆಯಾ? ಅರಬ್ಬಿಯಲ್ಲಿ "ಪ" ಇಲ್ಲ. ಪೆಪ್ಸಿ ಅಲ್ಲಿ ಬೆಪ್ಸಿ, ಪಾರ್ಕಿಂಗ್ ಅಲ್ಲಿ ಬಾರ್ಕಿಂಗ್. ಫ್ರೆಂಚ್ ಶಾಲೆಯಲ್ಲಿ ಓದಿದವರಿಗೆ "ಪ" ಸಲೀಸು. ಆದರೆ ಎದುರು ಮನೆಯ ಅಜ್ಜಿ, ನಮ್ಮ ತೇತಾ, ಓದಿದ್ದು ಬೆಕಾ ಬಯಲಿನ ಹಳ್ಳಿಯಲ್ಲಿ, ಅದೂ ಐದನೇ ಕ್ಲಾಸಿನ ತನಕ. ನಾನು "ಪುಟ್ಟೀ" ಅಂತ ಕೂಗಿದರೆ ಅವರೂ ಬಾಗಿಲಿಗೆ ಬಂದು "ಬುಟ್ಟೀ" ಅನ್ನುತ್ತಿದ್ದರು. ಕನ್ನಡದಲ್ಲಿ ಬುಟ್ಟಿ ಅಂದರೆ ಏನು ಅಂತ ಒಂದು ದಿನ ಕೈಸನ್ನೆ ಮಾಡಿ ತೋರಿಸಿದೆ. ತೇತಾ ಬಾಲ್ಕನಿಗೆ ಹೋಗಿ ತಮ್ಮ ಸಲ್ಲೆಯನ್ನು ಎತ್ತಿ ಹಿಡಿದು, "ಇದಾ?" ಅಂತ ಕೇಳಿದರು. ಅದೇ, ಉದ್ದನೆಯ ಹಗ್ಗ ಕಟ್ಟಿದ ಹಸಿರು ಪ್ಲಾಸ್ಟಿಕ್ ಬುಟ್ಟಿ.

ಬೈರುತ್‌ನ ಜೈತಾವಿ ಬಡಾವಣೆಯಲ್ಲಿ ನಮ್ಮದು ಮೂರನೇ ಮಹಡಿ. ಕೆಳಗೆ ದಕ್ಕಾನೆ, ಅಂದರೆ ನಮ್ಮ ಬೀದಿ ಮೂಲೆಯ ಶೆಟ್ಟರ ಅಂಗಡಿಯ ಹಾಗೆ. ಸರ್ಕಾರದ ಕರೆಂಟ್ ಹೋದರೆ ಲಿಫ್ಟ್ ಇಲ್ಲ. ಹಾಗಾಗಿ ತೇತಾ ನೋಟನ್ನು ಬಟ್ಟೆ ಕ್ಲಿಪ್ಪಿಗೆ ಸಿಕ್ಕಿಸಿ ಸಲ್ಲೆ ಇಳಿಸುತ್ತಿದ್ದರು. ಅಂಗಡಿಯವನು ರೊಟ್ಟಿ, ಎರಡು ನಿಂಬೆಹಣ್ಣು, ಒಂದು ಕಟ್ಟು ಪಾರ್ಸ್ಲಿ ಸೊಪ್ಪು ಹಾಕಿ ಚಿಲ್ಲರೆಯನ್ನು ಅದೇ ಕ್ಲಿಪ್ಪಿಗೆ ಸಿಕ್ಕಿಸಿ ಕಳಿಸುತ್ತಿದ್ದ. ಹಗ್ಗ ಬಿಡುವ ಕೆಲಸ ಯಾವಾಗಲೂ ನಿನ್ನದು. ಕೈ ಉರಿಯುತ್ತೆ ಅಂತ ತೇತಾ ನಿನಗೆ ಹಳೇ ಸಾಕ್ಸ್ ತೊಡಿಸುತ್ತಿದ್ದರು. ಆ ಸಾಕ್ಸ್ ಈಗಲೂ ಬಾಲ್ಕನಿಯ ಮೊಳೆಗೆ ನೇತಾಡುತ್ತಿದೆ ಪುಟ್ಟಿ. ನಾನು ಕಣ್ಣಾರೆ ನೋಡಿ ಬಂದೆ.

ತೇತಾ ಅಂದರೆ ಅಜ್ಜಿ. ಆದರೆ ಅವರು ನಿನ್ನನ್ನೂ "ತೇತಾ" ಅಂತಲೇ ಕರೆಯುತ್ತಿದ್ದರು. "ಬಾ ತೇತಾ, ತಿನ್ನು ತೇತಾ." ಅಲ್ಲಿ ಅಮ್ಮಂದಿರು ಮಕ್ಕಳನ್ನು "ಮಾಮಾ" ಅನ್ನುತ್ತಾರೆ, ಅಪ್ಪಂದಿರು "ಬಾಬಾ" ಅನ್ನುತ್ತಾರೆ. ಹೊರಗಿನವರಿಗೆ ಇದು ವಿಚಿತ್ರ. ನನಗೆ ಮಾತ್ರ ಮೊದಲ ದಿನವೇ ಅರ್ಥವಾಯಿತು. ನಾನೂ ನಿನ್ನನ್ನು "ಬಾರಮ್ಮ" ಅನ್ನುವವಳೇ, ಅಲ್ವಾ?

ಅರ್ಥವಾಗದ್ದು ಬೇರೆ ಒಂದು ಮಾತು, "ತೊಬೊರ್ನಿ". ನಿನ್ನ ಕೆನ್ನೆ ಹಿಂಡಿ ತೇತಾ ದಿನಕ್ಕೆ ಹತ್ತು ಸಲ ಅನ್ನುತ್ತಿದ್ದರು. ಅರ್ಥ ಕೇಳಿದರೆ "ನೀನು ನನ್ನನ್ನು ಮಣ್ಣು ಮಾಡು" ಅಂತ. ನನಗೆ ಮೈ ಜುಮ್ಮೆಂದಿತು. ಮಗುವಿನ ಎದುರು ಇದೆಂಥ ಮಾತು ಅಂತ ಸಿಟ್ಟೂ ಬಂತು. ಆಮೇಲೆ ತಿಳಿಯಿತು. ನಿನಗಿಂತ ಮೊದಲು ನಾನು ಹೋಗಲಿ, ನೀನಿಲ್ಲದ ಒಂದು ದಿನವನ್ನೂ ನಾನು ಕಾಣದಿರಲಿ ಅನ್ನುವ ಆಸೆ ಅದು. ನಮ್ಮಜ್ಜಿ "ನನ್ನ ಆಯಸ್ಸೂ ನಿನಗಿರಲಿ" ಅನ್ನುತ್ತಿದ್ದರಲ್ಲ, ಹಾಗೆ. ತೇತಾಳ ಮೂವರು ಮಕ್ಕಳಲ್ಲಿ ಒಬ್ಬಳು ಮಾಂಟ್ರಿಯಲ್‌ನಲ್ಲಿ, ಒಬ್ಬ ಸಿಡ್ನಿಯಲ್ಲಿ, ಇನ್ನೊಬ್ಬ ಆಫ್ರಿಕಾದ ಆಬಿಜಾನ್‌ನಲ್ಲಿ. ಆ ದೇಶದ ಮನೆಮನೆಯ ಕಥೆ ಇದು. ಆ ಮಾತನ್ನು ಎದುರಿಗೆ ಹೇಳಲು ತೇತಾಳಿಗೆ ಆ ಮೆಟ್ಟಿಲ ಮೇಲೆ ನೀನೊಬ್ಬಳೇ ಇದ್ದದ್ದು.

ಆ ಸಂಜೆಯ ವಿಷಯ ಒಂದೇ ಒಂದು ಸಲ ಹೇಳಿಬಿಡುತ್ತೇನೆ. ನಾವು ಆ ಊರಿಗೆ ಹೋದದ್ದು 2013ರಲ್ಲಿ. ಅಮೋನಿಯಂ ನೈಟ್ರೇಟ್ ಹೊತ್ತ ಹಡಗು ಬಂದರಿಗೆ ಬಂದದ್ದೂ ಅದೇ ವರ್ಷ. 2,750 ಟನ್. ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದಿತ್ತು. ಬಹಳ ಅಧಿಕಾರಿಗಳಿಗೆ ಗೊತ್ತಿತ್ತು, ಯಾರೂ ತೆಗೆಸಲಿಲ್ಲ. 2020ರ ಆಗಸ್ಟ್ 4, ಸಂಜೆ 6.07ಕ್ಕೆ ಅದು ಸಿಡಿಯಿತು. ಇನ್ನೂರಕ್ಕೂ ಹೆಚ್ಚು ಜನ ಹೋದರು. ಸಮುದ್ರದಾಚೆ ಸೈಪ್ರಸ್‌ವರೆಗೆ ಸದ್ದು ಕೇಳಿತು.

ಮೊದಲು ಒಂದು ಸಣ್ಣ ಸದ್ದಾಯಿತು, ನೆನಪಿದೆಯಾ? ಎಲ್ಲರೂ ಏನದು ಅಂತ ಕಿಟಕಿಗೆ ಓಡಿದರು. ನೀನು ತೇತಾ ಮನೆಯಲ್ಲಿದ್ದೆ, ನೀನೂ ಕಿಟಕಿಯ ಕಡೆಗೇ ಹೊರಟಿದ್ದೆ. ತೇತಾ ನಿನ್ನ ರಟ್ಟೆ ಹಿಡಿದು ಬಚ್ಚಲುಮನೆ ಪಕ್ಕದ ಕತ್ತಲೆ ಓಣಿಗೆ ಎಳೆದುಕೊಂಡು ಹೋದರು. 1975ರಿಂದ 1990ರವರೆಗೆ ಹದಿನೈದು ವರ್ಷದ ಅಂತರ್ಯುದ್ಧ ಕಲಿಸಿದ ಬುದ್ಧಿ ಅದು. ಸದ್ದಾದರೆ ಗಾಜಿನ ಹತ್ತಿರ ಹೋಗಬಾರದು, ಎರಡು ಗೋಡೆಗಳ ಮಧ್ಯೆ ಇರಬೇಕು. ಅರ್ಧ ನಿಮಿಷದಲ್ಲಿ ದೊಡ್ಡದು ಬಂತು. ತೇತಾ ಎಳೆದದ್ದಕ್ಕೆ ನೀನು ಎಷ್ಟೋ ದಿನ "ನನ್ನ ಕೈ ನೋಯಿಸಿದರು" ಅಂತ ಅಳುತ್ತಿದ್ದೆ. ಅವರ ಎಡಗೈಯಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಗಾಜು ಸೀಳಿದ ಗುರುತಿದೆ. ಈ ಸಲ ಆ ಗುರುತಿನ ಮೇಲೆ ಕೈಯಿಟ್ಟುಕೊಂಡು ಸುಮ್ನೆ ಕೂತಿದ್ದೆ. ಅವರು ಕೇಳಿದ್ದು ಒಂದೇ, "ಬುಟ್ಟಿ ಎಷ್ಟು ಎತ್ತರ ಆಗಿದ್ದಾಳೆ?"

ಮರುದಿನ ಎಲ್ಲೆಲ್ಲಿಂದಲೋ ಹುಡುಗ ಹುಡುಗಿಯರು ಪೊರಕೆ ಹಿಡಿದು ಬಂದು ನಮ್ಮ ಬೀದಿ ಗುಡಿಸಿದರು. ಯಾರು ಯಾವ ಧರ್ಮ ಅಂತ ಯಾರೂ ಕೇಳಲಿಲ್ಲ. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಆ ದೇಶದಲ್ಲಿ ಅದನ್ನು ಕೇಳದೆ ಏನೂ ನಡೆಯುವುದಿಲ್ಲ. ಇಡೀ ಲೆಬನಾನ್ 10,452 ಚದರ ಕಿಲೋಮೀಟರ್, ಹೆಚ್ಚು ಕಡಿಮೆ ನಮ್ಮ ತುಮಕೂರು ಜಿಲ್ಲೆಯಷ್ಟು. ಅಷ್ಟರಲ್ಲಿ ಸರ್ಕಾರ ಒಪ್ಪಿದ ಪಂಗಡಗಳೇ 18. ರಾಷ್ಟ್ರಪತಿ ಮ್ಯಾರೊನೈಟ್ ಕ್ರೈಸ್ತ, ಪ್ರಧಾನಿ ಸುನ್ನಿ, ಸ್ಪೀಕರ್ ಶಿಯಾ. ಮದುವೆ, ವಿಚ್ಛೇದನ ಎಲ್ಲ ಆಯಾ ಪಂಗಡದ ಕಾನೂನಿನಂತೆ. ನಾಲ್ಕನೇ ಮಹಡಿಯ ಆ ಜೋಡಿಯನ್ನು ನೆನಪಿಸಿಕೋ. ಅವನು ಸುನ್ನಿ, ಅವಳು ಮ್ಯಾರೊನೈಟ್. ಸಿವಿಲ್ ಮದುವೆ ಅಲ್ಲಿ ಸಿಗುವುದಿಲ್ಲ ಅಂತ ಸೈಪ್ರಸ್‌ಗೆ ಹೋಗಿ ಮದುವೆಯಾಗಿ, ಬಂದು ದಾಖಲು ಮಾಡಿಸಿದರು. ಬೇರೆ ದೇಶದವನನ್ನು ಮದುವೆಯಾದ ಲೆಬನಾನಿ ಹೆಣ್ಣಿಗೆ ತನ್ನ ಮಕ್ಕಳಿಗೆ ಪೌರತ್ವ ಕೊಡುವ ಹಕ್ಕೂ ಇಲ್ಲ. ನೀನು ಹೆಣ್ಣುಮಗಳು, ಇದೂ ನಿನಗೆ ತಿಳಿದಿರಲಿ.

ಈಗ ತೇತಾಳ ಗೆಳತಿಯ ಕಥೆ. ಅವರು ದಕ್ಷಿಣ ಲೆಬನಾನಿನ ನಬತಿಯೆ ಕಡೆಯ ಶಿಯಾ ಮನೆತನದವರು. ಚಿಕ್ಕ ವಯಸ್ಸಿನಲ್ಲಿ ಇಬ್ಬರೂ ಊರಿನ ನಡುವಿನ ಪೇಟೆಯ ಒಂದು ಹೊಲಿಗೆ ಅಂಗಡಿಯಲ್ಲಿ ಅಕ್ಕಪಕ್ಕದ ಮಷೀನಿನಲ್ಲಿ ಕೂರುತ್ತಿದ್ದರು. ಯುದ್ಧ ಶುರುವಾಗಿ ಆ ಪೇಟೆಯೇ ಸುಟ್ಟುಹೋಯಿತು. ಊರು ಕ್ರೈಸ್ತರ ಪೂರ್ವ, ಮುಸ್ಲಿಮರ ಪಶ್ಚಿಮ ಅಂತ ಎರಡು ಹೋಳಾಯಿತು. ತೇತಾ ಈ ಕಡೆ, ಗೆಳತಿ ಆ ಕಡೆ. ನಡುವೆ ಮ್ಯೂಸಿಯಂ ಹತ್ತಿರ ದಾಟುವ ಜಾಗ. ತೆರೆದಿದ್ದ ದಿನ ಗೆಳತಿ ನಡೆದುಕೊಂಡೇ ದಾಟಿ ಬಂದು, ಒಂದು ಲೋಟ ಕಾಫಿ ಕುಡಿದು, ಕತ್ತಲಾಗುವ ಮೊದಲು ವಾಪಸ್ ಹೋಗುತ್ತಿದ್ದರಂತೆ. ಒಂದು ಲೋಟ ಕಾಫಿಗೆ!

ಕಳೆದ ವರ್ಷ, 2024ರ ಸೆಪ್ಟೆಂಬರ್ 23ರಂದು, ದಕ್ಷಿಣದ ಮೇಲೆ ಇಸ್ರೇಲಿನ ಬಾಂಬ್ ಬಿದ್ದವು. ಲಕ್ಷಾಂತರ ಜನ ಕಾರು ಹತ್ತಿ ಬೈರುತ್ ದಾರಿ ಹಿಡಿದರು. ಒಂದೂವರೆ ಗಂಟೆಯ ದಾರಿಗೆ ಗೆಳತಿಗೆ ಹದಿನಾಲ್ಕು ಗಂಟೆ ಹಿಡಿಯಿತು. ರಾತ್ರಿ ಎರಡಕ್ಕೆ ಬೀದಿಯಲ್ಲಿ ನಿಂತು ಕೂಗಿದರು. ಕರೆಂಟ್ ಇಲ್ಲ, ಕೆಳಗಿನ ಗೇಟಿಗೆ ಬೀಗ. ತೇತಾ ಮಂಡಿನೋವಿನವರು, ಆ ಕತ್ತಲೆಯಲ್ಲಿ ಮೂರು ಮಹಡಿ ಇಳಿಯಲಾರರು. ಬೀಗದ ಕೈ ಸಲ್ಲೆಗೆ ಹಾಕಿ ಇಳಿಸಿದರು.

ಗೆಳತಿ ಎರಡು ತಿಂಗಳು ಅಲ್ಲೇ ಇದ್ದರು, ನವೆಂಬರ್ 27ರಂದು ಕದನವಿರಾಮ ಆಗುವ ತನಕ. ಕಟ್ಟಡದಲ್ಲಿ ಕೆಲವರು ಗೊಣಗಿದರಂತೆ, ಇವರಿಂದ ನಮಗೂ ಅಪಾಯ ಅಂತ. ಆ ಭಯವೂ ಸುಳ್ಳಲ್ಲ, ದಕ್ಷಿಣದಿಂದ ಬಂದವರು ಉಳಿದ ಮನೆಗಳ ಮೇಲೆ ದಾಳಿ ಆಗಿತ್ತು. ತೇತಾ ಉತ್ತರ ಕೊಡಲು ಹೋಗಲಿಲ್ಲ. ದಿನಾ ಬೆಳಗ್ಗೆ ಬಾಗಿಲು ತೆರೆದಿಟ್ಟು, ಕಾಫಿ ವಾಸನೆ ಮೆಟ್ಟಿಲ ತುಂಬ ಹರಡುವ ಹಾಗೆ ರಕ್ವೆ, ಅಂದರೆ ಕಾಫಿ ಕುದಿಸುವ ಪಾತ್ರೆ, ಒಲೆಯ ಮೇಲಿಟ್ಟರಂತೆ. ಒಬ್ಬೊಬ್ಬರೇ ಬಂದು ಕೂತರು. ಎಲ್ಲರೂ ಬರಲಿಲ್ಲ. ಬಾರದವರು ಇವತ್ತಿಗೂ ಮಾತಾಡುವುದಿಲ್ಲ.

ಈ ಸಲ ತೇತಾ, ಗೆಳತಿ, ನಾನು ಮೂವರೂ ತೇತಾಳ ಹಳ್ಳಿಗೆ ಹೋದೆವು. ದಹ್ರ್ ಅಲ್ ಬೈದರ್ ಘಟ್ಟ ಏರಿ ಇಳಿದರೆ ಬೆಕಾ ಬಯಲು ಚಾಪೆ ಹಾಸಿದ ಹಾಗೆ ಕಾಣುತ್ತದೆ. ಸೆಪ್ಟೆಂಬರ್ ಅಂದರೆ ಅಲ್ಲಿ ಮೂನೆಯ ಕಾಲ. ನಾವು ಬೇಸಿಗೆಯಲ್ಲಿ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಮಾಡಿ ಡಬ್ಬಿ ತುಂಬುತ್ತೇವಲ್ಲ, ಅವರು ಹಿಮದ ತಿಂಗಳುಗಳಿಗೆ ಹಾಗೆ ಮಾಡಿಡುತ್ತಾರೆ. ಮಾಳಿಗೆಯ ಮೇಲೆ ಬಿಳಿ ದುಪ್ಪಟಿ ಹಾಸಿ ಕಿಶ್ಕ್ ಒಣಗಿಸಿದ್ದರು. ಗೋಧಿ ನುಚ್ಚನ್ನು ಮೊಸರಿನಲ್ಲಿ ಹುಳಿ ಬರಿಸಿ, ಬಿಸಿಲಿಗೆ ಹರಡಿ, ಎರಡು ಅಂಗೈ ನಡುವೆ ಉಜ್ಜಿ ಉಜ್ಜಿ ಪುಡಿ ಮಾಡಬೇಕು. ಒಂದು ಗಂಟೆ ಉಜ್ಜಿದರೆ ಅಂಗೈ ಕೆಂಪಾಗಿ ಹುಳಿ ಮಜ್ಜಿಗೆಯ ವಾಸನೆ ಬರುತ್ತದೆ. ಆ ವಾಸನೆಗೆ ನನಗೆ ನಮ್ಮಮ್ಮನ ಮಾಳಿಗೆ, ಕಾಗೆ ಓಡಿಸಲು ಕೂರಿಸಿದ್ದ ನನ್ನ ಚಿಕ್ಕಂದಿನ ಮಧ್ಯಾಹ್ನಗಳು, ಎಲ್ಲ ಒಟ್ಟಿಗೆ ಬಂದವು. ತಲೆಯ ಮೇಲೆ ಇಸ್ರೇಲಿನ ಡ್ರೋನ್ ಗುಂಯ್‌ಗುಟ್ಟುತ್ತಿತ್ತು. ಅಲ್ಲಿಯವರು ಅದಕ್ಕೆ "ಇಮ್ ಕಾಮೆಲ್", ಕಾಮೆಲ್‌ನ ಅಮ್ಮ, ಅಂತ ಹೆಸರಿಟ್ಟಿದ್ದಾರೆ. ಅಲ್ಲಿ ತಾಯಂದಿರನ್ನು ಮಕ್ಕಳ ಹೆಸರು ಸೇರಿಸಿ ಹಾಗೇ ಕರೆಯುವುದು. ನಾನು "ಇಮ್ ಬುಟ್ಟಿ". ಗೆಳತಿ ತಲೆಯೆತ್ತಿಯೂ ನೋಡಲಿಲ್ಲ. ನುಚ್ಚು ಉಜ್ಜುತ್ತಲೇ ಇದ್ದರು.

ಅಲ್ಲಿ ಎಲ್ಲ ಚೆನ್ನಾಗಿದೆ ಅಂತ ಹೇಳಿದರೆ ನಿನಗೆ ಸುಳ್ಳು ಹೇಳಿದ ಹಾಗೆ. ನಿಮ್ಮಪ್ಪನ ಉಳಿತಾಯ 2019ರಲ್ಲಿ ಬ್ಯಾಂಕಿನಲ್ಲಿ ಸಿಕ್ಕಿಕೊಂಡದ್ದು ಇನ್ನೂ ಬಂದಿಲ್ಲ. ಆಗ ಡಾಲರಿಗೆ 1,500 ಲೀರಾ ಇತ್ತು, ಈಗ 89,500. ತೇತಾಳ ಗಂಡನ ಪಿಂಚಣಿ ಒಂದು ವಾರದ ತರಕಾರಿಗೂ ಸಾಲದು, ಮಕ್ಕಳು ಕಳಿಸಿದರೆ ಉಂಟು. ಬೀದಿಯ ಜನರೇಟರಿನವನಿಗೆ ಇಶ್ತಿರಾಕ್, ಅಂದರೆ ಚಂದಾ, ಕಟ್ಟಿದರೆ ಐದು ಆಂಪಿಯರ್ ಕರೆಂಟ್. ಫ್ರಿಜ್ ಓಡುತ್ತಿರುವಾಗ ಇಸ್ತ್ರಿ ಹಾಕುವಂತಿಲ್ಲ.

ಇನ್ನೊಂದು ಮಾತನ್ನು ಆಗ ನಿನ್ನಿಂದ ಮುಚ್ಚಿಟ್ಟಿದ್ದೆ. ನಮ್ಮ ಬಾಗಿಲು ತಟ್ಟಿದವರು ನನ್ನ ಬಣ್ಣ ನೋಡಿ "ಮದಾಂ ಮನೆಯಲ್ಲಿದ್ದಾರಾ?" ಅಂತ ಕೇಳುತ್ತಿದ್ದರು. ನಾನೇ ಮದಾಂ ಅಂದರೆ ನಾಚಿಕೊಳ್ಳುತ್ತಿದ್ದರು. ನನಗೆ ನೋವಾದದ್ದು ಅದಕ್ಕಲ್ಲ. ನಾನು ಮನೆಗೆಲಸದವಳೇ ಆಗಿದ್ದರೆ ಅವರು ನಾಚಿಕೊಳ್ಳುತ್ತಲೇ ಇರಲಿಲ್ಲವಲ್ಲ, ಅದಕ್ಕೆ. ಇಥಿಯೋಪಿಯಾ, ಶ್ರೀಲಂಕಾ, ಫಿಲಿಪ್ಪೀನ್ಸ್‌ನ ಹೆಣ್ಣುಮಕ್ಕಳು ಅಲ್ಲಿ ಕಫಾಲಾ ಅನ್ನುವ ಪದ್ಧತಿಯ ಕೆಳಗೆ ದುಡಿಯುತ್ತಾರೆ. ಮಾಲೀಕ ಬಿಡದೆ ಅವರು ಕೆಲಸ ಬಿಡುವಂತಿಲ್ಲ, ಎಷ್ಟೋ ಜನರ ಪಾಸ್‌ಪೋರ್ಟೂ ಅವರ ಕೈಯಲ್ಲಿಲ್ಲ. 2020ರಲ್ಲಿ ಸಂಬಳ ಕೊಡಲು ಡಾಲರ್ ಇಲ್ಲ ಅಂತ ಇಥಿಯೋಪಿಯಾದ ಹುಡುಗಿಯರನ್ನು ಅವರ ದೂತಾವಾಸದ ಎದುರು ಬೀದಿಯಲ್ಲೇ ಇಳಿಸಿ ಹೋದ ಮನೆಗಳಿದ್ದವು. ಅಷ್ಟು ಪ್ರೀತಿಯ ಜನ ಇದನ್ನು ಹೇಗೆ ಮಾಡಿದರು ಅಂತ ನನಗೆ ನಿದ್ದೆ ಬರುತ್ತಿರಲಿಲ್ಲ. ಆಮೇಲೆ ನಮ್ಮನೆಯಲ್ಲಿ ಪಾತ್ರೆ ತೊಳೆಯುವವರಿಗೆ ಬೇರೆ ಲೋಟ ಇಟ್ಟಿದ್ದು ನೆನಪಾಯಿತು. ಬಂದ ವರ್ಷವೇ ಆ ಲೋಟ ತೆಗೆದುಹಾಕಿದೆ. ನಿಮ್ಮಜ್ಜಿಗೆ ಸ್ವಲ್ಪ ದಿನ ಬೇಸರವಿತ್ತು.

ನಾನು ಹೊರಟ ಬೆಳಗ್ಗೆ ಟ್ಯಾಕ್ಸಿ ಬಂದು ನಿಂತಿತ್ತು. ಮೇಲಿಂದ "ಇಮ್ ಬುಟ್ಟೀ" ಅಂತ ಕೂಗು. ತಲೆಯೆತ್ತಿದರೆ ಸಲ್ಲೆ ಇಳಿಯುತ್ತಿದೆ. ಹಗ್ಗ ಬಿಡುತ್ತಿದ್ದದ್ದು ಗೆಳತಿ, ಹೇಗೆ ಬಿಡಬೇಕು ಅಂತ ಗದರುತ್ತಿದ್ದದ್ದು ತೇತಾ. ಒಳಗೆ ಒಂದು ಬಾಟಲಿ ಝಾತರ್, ಅದೇ ಒಣ ಸೊಪ್ಪು, ಎಳ್ಳು ಬೆರೆಸಿದ ಪುಡಿ. ಹಳ್ಳಿಯಿಂದ ತಂದದ್ದು. ಝಾತರ್ ತಿಂದರೆ ಪಾಠ ತಲೆಗೆ ಹತ್ತುತ್ತದೆ ಅಂತ ಅಲ್ಲಿ ಪರೀಕ್ಷೆಯ ದಿನ ಮಕ್ಕಳಿಗೆ ಅದನ್ನೇ ತಿನ್ನಿಸಿ ಕಳಿಸುತ್ತಾರೆ. ಬುಟ್ಟಿ ಈಗ ಪಿಯುಸಿ ಅಂತ ನಾನು ಹೇಳಿದ್ದೆ.

ಕೊರಿಯರ್ ಮಾಡಿದ್ದೇನೆ, ಬುಧವಾರದೊಳಗೆ ನಿನ್ನ ಕೈ ಸೇರಬಹುದು. ಆಲಿವ್ ಎಣ್ಣೆಯಲ್ಲೇ ಕಲಸಿಕೋ, ಸಣ್ಣ ಬಾಟಲಿ ಜೊತೆಗೇ ಇಟ್ಟಿದ್ದೇನೆ. ಚಪಾತಿಗೆ ಸವರಿಕೊಂಡು ತಿನ್ನು, ರೂಮ್‌ಮೇಟ್‌ಗೂ ಕೊಡು.

ಮತ್ತೆ ಈ ಭಾನುವಾರ ತೇತಾಳಿಗೆ ವಾಟ್ಸಾಪಿನಲ್ಲಿ ವಿಡಿಯೋ ಕಾಲ್ ಮಾಡು. ಅಲ್ಲಿ ಬೆಳಗ್ಗೆ ಒಂಬತ್ತು ಅಂದರೆ ನಮಗೆ ಹನ್ನೊಂದೂವರೆ. ಅಕ್ಟೋಬರ್ ಕೊನೆಗೆ ಅವರು ಗಡಿಯಾರವನ್ನು ಒಂದು ಗಂಟೆ ಹಿಂದೆ ತಿರುಗಿಸುತ್ತಾರೆ, ಆಮೇಲೆ ಹನ್ನೆರಡೂವರೆಗೆ ಮಾಡಬೇಕು. ಮೊದಲ ಸಲ ಎತ್ತದಿದ್ದರೆ ಕರೆಂಟ್ ಹೋಗಿದೆ ಅಂತ ತಿಳಿದು ಮತ್ತೆ ಮಾಡು. ಅರಬ್ಬಿ ಮರೆತುಹೋಗಿದೆ ಅಂತ ಹಿಂಜರಿಯಬೇಡ. ಅವರು ಮೊದಲು ಕೇಳುವುದು "ಅಕಲ್ತಿ?" ಅಂತ. ತಿಂದೆಯಾ ಅಂತ ಅಷ್ಟೇ. ಬಾಟಲಿ ಎತ್ತಿ ತೋರಿಸು.

ನಿನ್ನ
ಅಮ್ಮ