ಭಾನುವಾರದ ಹಾರಾಟಕ್ಕೆ ಮುಂಚೆ ಇದನ್ನು ಓದಿ

ಗೆಳೆಯರೇ, ಕಳೆದ ವಾರ ದಾವಣಗೆರೆ ಹೊರಗಿನ ಹೊಲದಲ್ಲಿ ಆದದ್ದು ನೆನಪಿದೆ ಅಲ್ವಾ? ಒಂದು ಡ್ರೋನ್‌ಗೆ ‘ಇಳಿ’ ಅಂದರೆ ಎರಡು ಇಳಿದವು. ಎರಡನೆಯದು ನೇರ ಮೆಕ್ಕೆಜೋಳದೊಳಗೆ! ಯಾರೂ ಹ್ಯಾಕ್ ಮಾಡಿರಲಿಲ್ಲ. ಎರಡರಲ್ಲೂ ಸಿಸ್ಟಮ್ ಐಡಿ (ಆದೇಶ ಯಾವ ಡ್ರೋನ್‌ಗೆ ಅಂತ ಗುರುತಿಸುವ ಸಂಖ್ಯೆ) 1 ಅಂತಲೇ ಇತ್ತು, ಅಷ್ಟೇ. ಈ ಸಲ ನಮ್ಮ ಐದೂ ಡ್ರೋನ್‌ಗಳಿಗೆ ಬೇರೆ ಬೇರೆ ಐಡಿ ಕೊಟ್ಟು, ಮಾರ್ಕರ್‌ನಲ್ಲಿ ಮೇಲೆ ಬರೆದು ತನ್ನಿ. ಟೆಲಿಮೆಟ್ರಿ ರೇಡಿಯೊದ (ಡ್ರೋನ್ ಮತ್ತು ನೆಲದ ಕಂಪ್ಯೂಟರ್ ಮಾತಾಡಿಕೊಳ್ಳುವ ಸಾಧನ) ನೆಟ್ ಐಡಿಯನ್ನೂ, ಅಂದರೆ ಅದರ ಜಾಲದ ಸಂಖ್ಯೆಯನ್ನೂ, ಬದಲಿಸಿ. ಹೊಸ ರೇಡಿಯೊದಲ್ಲಿ ಅದು ಸಾಮಾನ್ಯವಾಗಿ 25 ಇರುತ್ತದೆ, ಪಕ್ಕದ ತಂಡದವರದ್ದೂ ಅದೇ ಇದ್ದರೆ ಕಷ್ಟ.

ಇನ್ನು ಸೈನಿಂಗ್, ಅಂದರೆ ಸಂದೇಶಕ್ಕೆ ಸಹಿ ಹಾಕುವುದು. ಮ್ಯಾವ್‌ಲಿಂಕ್ (ಡ್ರೋನ್ ಮತ್ತು ನೆಲದ ಕಂಪ್ಯೂಟರ್ ಮಾತಾಡುವ ಭಾಷೆ) ಸಂದೇಶ ಸುಮ್ನೆ ಬಿಟ್ಟರೆ ಬಟಾಬಯಲಲ್ಲೇ ಹೋಗುತ್ತದೆ. ಎರಡನೇ ಆವೃತ್ತಿಯಲ್ಲಿ 32 ಬೈಟ್‌ನ ಗುಟ್ಟಿನ ಕೀ ಹಾಕಿದರೆ ಪ್ರತಿ ಸಂದೇಶಕ್ಕೂ 13 ಬೈಟ್‌ನ ಸಹಿ ಸೇರುತ್ತದೆ. ಅದರಲ್ಲಿ ಸಮಯವೂ ಇರುವುದರಿಂದ, ಹಳೆಯ ಆದೇಶವನ್ನು ಯಾರಾದರೂ ಹಿಡಿದಿಟ್ಟು ಮತ್ತೆ ಕಳಿಸಿದರೆ ಡ್ರೋನ್ ಒಪ್ಪುವುದಿಲ್ಲ. ಆದರೆ ಇದು ಸಂದೇಶವನ್ನು ಮುಚ್ಚಿಡುವುದಿಲ್ಲ, ಕಳಿಸಿದ್ದು ನಾವೇ ಅಂತ ಖಾತ್ರಿ ಮಾಡುತ್ತದೆ. ಕೀ ಅನ್ನು ಕೇಬಲ್ ಚುಚ್ಚಿಯೇ ಹಾಕಿ. ಈ ಗುಂಪಿನಲ್ಲಿ ಹಾಕಬೇಡಿ, ಕೈ ಮುಗಿಯುತ್ತೇನೆ. (ವೈಫೈ ಪಾಸ್‌ವರ್ಡ್ ಇಲ್ಲೇ ಬಂದಿತ್ತಲ್ಲ!)

ಸಿಗ್ನಲ್ ತಪ್ಪಿ ಎಲ್ಲವೂ ಒಂದೇ ಎತ್ತರದಲ್ಲಿ ವಾಪಸ್ ಬಂದರೆ ಗಾಳಿಯಲ್ಲೇ ಡಿಕ್ಕಿ. ವಾಪಸಾಗುವ ಎತ್ತರ 15, 20, 25, 30, 35 ಮೀಟರ್ ಇಡಿ.

ಚಳ್ಳಕೆರೆ ಕಡೆ ಹೋಗೋಣ ಅಂದವರಿಗೆ: ಅಲ್ಲಿ ಡಿಆರ್‌ಡಿಒ ಪರೀಕ್ಷಾ ಕೇಂದ್ರ ಇದೆ, ಬೇಡ. ಸರ್ಕಾರದ ಡ್ರೋನ್ ತಾಣವಾದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು ಇದ್ದಲ್ಲಿ ಮಾತ್ರ ಹಾರಿಸೋಣ, 400 ಅಡಿ ಒಳಗೆ.

ಬೆಳಿಗ್ಗೆ 6:30ಕ್ಕೆ ಬನ್ನಿ. ಬೆಣ್ಣೆ ದೋಸೆ ಆಮೇಲೆ.