ಜಿಂಕೆಯನ್ನು ತರಬೇಡ

ಮೈಸೂರು
ಭಾನುವಾರ

ಪ್ರೀತಿಯ ಸುಹಾಸ,

ನೀನು ಕಳಿಸಿದ ಸ್ಕ್ರಿಪ್ಟ್ ಸಿಕ್ಕಿತು. ಫೋನಿನಲ್ಲಿ ಓದಲು ಮನಸ್ಸಾಗಲಿಲ್ಲ. ಬೀದಿ ಕೊನೆಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಂಡು ಬಂದೆ. ಇಪ್ಪತ್ತೆರಡು ಪುಟ. ಎರಡು ಸಲ ಓದಿದೆ. ಮೊದಲ ಸಲ ನಿನ್ನ ಅತ್ತೆಯಾಗಿ ಓದಿದೆ, ಹೊಟ್ಟೆ ತುಂಬುವಷ್ಟು ಸಂತೋಷವಾಯಿತು. ಎರಡನೇ ಸಲ, ಮೂವತ್ತು ವರ್ಷ ಕಾಲೇಜಿನಲ್ಲಿ ಗ್ರೀಕ್ ನಾಟಕಗಳನ್ನು ಪಾಠ ಮಾಡಿದವಳಾಗಿ ಓದಿದೆ. ಹತ್ತೊಂಬತ್ತನೇ ಪುಟಕ್ಕೆ ಬಂದು ನಿಂತುಬಿಟ್ಟೆ. ಅದಕ್ಕೇ ಈ ಪತ್ರ.

ಗ್ರೀಸಿನ ಸಹಪಾಠಿಗಳ ಜೊತೆ ಸೇರಿ ಇಫಿಜೀನಿಯಾಳ ಕಥೆಯನ್ನು ಕೈಗೆತ್ತಿಕೊಂಡಿದ್ದೀಯ. ಇಪ್ಪತ್ತು ನಿಮಿಷದ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಕಥೆ ಸಿಗುವುದು ಕಷ್ಟ. ಟ್ರಾಯ್‌ಗೆ ಹೊರಟ ಹಡಗುಗಳು ಔಲಿಸ್ ದಡದಲ್ಲಿ ಗಾಳಿಯಿಲ್ಲದೆ ನಿಂತಿವೆ. ಸೇನಾಪತಿ ಅಗಮೆಮ್ನಾನ್ ತನ್ನ ಮಗಳನ್ನು ಆರ್ಟೆಮಿಸ್ ದೇವಿಗೆ ಬಲಿ ಕೊಟ್ಟರೆ ಗಾಳಿ ಬೀಸುತ್ತದೆ ಎಂದು ಕಾಲ್ಕಾಸ್ ಕಣಿ ಹೇಳುತ್ತಾನೆ. ಗ್ರೀಕ್ ವೀರ ಅಖಿಲೀಸನ ಜೊತೆ ಮದುವೆ ಎಂದು ಸುಳ್ಳು ಹೇಳಿ ಮಗಳನ್ನು ಕರೆಸುತ್ತಾರೆ. ಅವಳು ತಾಯಿಯ ಜೊತೆ ಮದುವೆಯ ಸಡಗರದಲ್ಲಿ ಬರುತ್ತಾಳೆ. ಇಷ್ಟೇ.

ನಿನ್ನ ಹತ್ತೊಂಬತ್ತನೇ ಪುಟದಲ್ಲಿ ಕತ್ತಿ ಮೇಲೇಳುತ್ತದೆ, ಬೆಳಕು ಮಿಂಚುತ್ತದೆ, ಹುಡುಗಿ ಮಾಯವಾಗುತ್ತಾಳೆ, ಬಲಿಪೀಠದ ಮೇಲೆ ಜಿಂಕೆ ಬಿದ್ದಿರುತ್ತದೆ. ಪಕ್ಕದಲ್ಲಿ 'ಯೂರಿಪಿಡೀಸ್‌ನಲ್ಲೂ ಹೀಗೇ ಇದೆ' ಎಂದು ಬರೆದಿದ್ದೀಯ. ಇದೆ, ನಿಜ. ಆದರೆ ಹೇಗೆ ಇದೆ ಅಂತ ಇನ್ನೊಮ್ಮೆ ನೋಡು ಕಂದ. ಯೂರಿಪಿಡೀಸನ ಆ ಗ್ರೀಕ್ ನಾಟಕದಲ್ಲಿ ರಂಗದ ಮೇಲೆ ಜಿಂಕೆ ಬರುವುದೇ ಇಲ್ಲ. ಒಬ್ಬ ದೂತ ಬಂದು ತಾಯಿ ಕ್ಲೈಟೆಮ್ನೆಸ್ಟ್ರಾಗೆ ಹೇಳುತ್ತಾನೆ, ನಿನ್ನ ಮಗಳು ದೇವರ ಬಳಿ ಹೋದಳು, ಅಲ್ಲಿ ಬಿದ್ದದ್ದು ಜಿಂಕೆ, ಅಂತ. ತಾಯಿ ಏನನ್ನುತ್ತಾಳೆ ಗೊತ್ತಾ? ನನ್ನ ಅಳು ನಿಲ್ಲಿಸಲು ಕಟ್ಟಿದ ಕಥೆ ಇದಲ್ಲ ಅಂತ ಹೇಗೆ ನಂಬಲಿ, ಅನ್ನುತ್ತಾಳೆ. ಈ ಕೊನೆಯ ಭಾಗ ಯೂರಿಪಿಡೀಸನೇ ಬರೆದದ್ದಲ್ಲ, ಆಮೇಲೆ ಯಾರೋ ಸೇರಿಸಿದ್ದು ಎಂದು ಅನುಮಾನ ಪಡುವ ವಿದ್ವಾಂಸರು ಬಹಳ ಜನ. ನಾಟಕ ರಂಗಕ್ಕೆ ಬಂದದ್ದೇ ಅವನು ಸತ್ತ ಮೇಲೆ. ಯಾರು ಬರೆದಿದ್ದರೂ ಸರಿ, ಆ ತಾಯಿಯ ಅನುಮಾನವನ್ನು ಅಲ್ಲಿ ಉಳಿಸಿದ್ದಾರೆ. ನೀನು ಜಿಂಕೆಯನ್ನು ಕ್ಯಾಮೆರಾದಲ್ಲಿ ತೋರಿಸಿದ ಕ್ಷಣ ಆ ಅನುಮಾನ ಸತ್ತುಹೋಗುತ್ತದೆ. ದೂತ ಹೇಳಿದ್ದನ್ನು ನಂಬಬಹುದು, ಬಿಡಬಹುದು. ಕಣ್ಣಾರೆ ಕಂಡದ್ದನ್ನು ಪ್ರೇಕ್ಷಕ ನಂಬಿಯೇ ನಂಬುತ್ತಾನೆ. ಪುರಾಣವನ್ನು ಪರದೆಗೆ ತರುವವರು ಮೊದಲು ಎಡವುವುದು ಇಲ್ಲೇ. ಕೇಳಿದ ಮಾತನ್ನೆಲ್ಲ ಕಂಡ ನೋಟ ಮಾಡಿಬಿಡುತ್ತಾರೆ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಒಂದು ಕಾರಣವಿದೆ. ನಿನ್ನ ಅಪ್ಪನಿಗೂ ಇದನ್ನು ಹೇಳಿಲ್ಲ. ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ ಕಾಲೇಜಿನ ವಾರ್ಷಿಕೋತ್ಸವಕ್ಕೆ ಅಂತಿಗೊನೆ ನಾಟಕ ಮಾಡಿಸಿದೆ. ಅಣ್ಣನ ಹೆಣಕ್ಕೆ ಮಣ್ಣು ಹಾಕಿದ್ದಕ್ಕೆ ರಾಜ ಅವಳನ್ನು ಗುಹೆಯಲ್ಲಿ ಜೀವಂತ ಮುಚ್ಚಿಸುತ್ತಾನೆ, ಅವಳು ನೇಣು ಹಾಕಿಕೊಳ್ಳುತ್ತಾಳೆ. ಹಬ್ಬದ ದಿನ ಜನ ಅಳುತ್ತಾ ಮನೆಗೆ ಹೋಗುವುದು ಬೇಡ, ಕೊನೆ ಸ್ವಲ್ಪ ಬದಲಿಸಿ ಎಂದು ಹಿರಿಯರೊಬ್ಬರು ಹೇಳಿದರು. ನಾನು ಒಪ್ಪಿಕೊಂಡೆ. ಅವಳನ್ನು ಮದುವೆಯಾಗಬೇಕಿದ್ದ ರಾಜನ ಮಗ ಸಮಯಕ್ಕೆ ಸರಿಯಾಗಿ ಬಂದು ಕಲ್ಲು ಸರಿಸುತ್ತಾನೆ, ಇಬ್ಬರೂ ಕೈ ಹಿಡಿದು ಬರುತ್ತಾರೆ. ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಅಂತಿಗೊನೆ ಪಾತ್ರ ಮಾಡಿದ ಹುಡುಗಿ ಬಣ್ಣ ಒರೆಸುತ್ತಾ ಕೇಳಿದಳು: 'ಮೇಡಂ, ಹಾಗಾದರೆ ಅವಳು ಅಷ್ಟೆಲ್ಲ ಮಾತಾಡಿದ್ದು ಯಾಕೆ?' ನನ್ನ ಹತ್ತಿರ ಉತ್ತರವಿರಲಿಲ್ಲ. ಇವತ್ತಿಗೂ ಆ ಹುಡುಗಿಯ ಅರ್ಧ ಬಣ್ಣ ಒರೆಸಿದ ಮುಖ ಕಣ್ಣ ಮುಂದೆ ಬರುತ್ತದೆ.

ನಿರ್ದೇಶಕ ಮಿಖಾಯಿಲ್ ಕಕೊಯಾನಿಸ್ 1977ರಲ್ಲಿ ಮಾಡಿದ ಇಫಿಜೀನಿಯಾ ಚಿತ್ರವನ್ನು ನೀನು ನೋಡಿರಬೇಕು. ನೋಡಿದ್ದರೂ ಇನ್ನೊಮ್ಮೆ ನೋಡು. ಈ ಸಲ ಸೈನಿಕರನ್ನು ನೋಡು. ನಾಟಕದಲ್ಲಿ ಸೈನ್ಯ ರಂಗದ ಹೊರಗೇ ಇರುತ್ತದೆ. ಹಾಡುವ ಮೇಳದಲ್ಲಿರುವವರು ಹಡಗು ನೋಡಲು ಬಂದ ಖಾಲ್ಕಿಸ್ ಊರಿನ ಹೆಂಗಸರು. ಕಕೊಯಾನಿಸ್ ಆ ಹೆಂಗಸರನ್ನು ಬಿಟ್ಟು ಸೈನ್ಯವನ್ನೇ ಪರದೆ ತುಂಬ ತಂದ. ಬಿಸಿಲಲ್ಲಿ ಕಾದು ಕಾದು ಸಿಟ್ಟಿಗೆದ್ದ ಗಂಡಸರು ದಡದುದ್ದಕ್ಕೂ ಇದ್ದಾರೆ. ಅಗಮೆಮ್ನಾನ್ ಯಾಕೆ ಹೆದರುತ್ತಾನೆ ಅಂತ ಯಾರೂ ವಿವರಿಸಬೇಕಾಗಿಲ್ಲ, ನೋಡಿದರೆ ಸಾಕು. ನಾಟಕಕ್ಕೆ ಆಗದ್ದು, ಸಿನಿಮಾಕ್ಕೆ ಮಾತ್ರ ಆಗುವ ಕೆಲಸ ಅದು. ಕೊನೆಯಲ್ಲಿ ಅವನು ಜಿಂಕೆಯನ್ನು ತರಲಿಲ್ಲ. ಹುಡುಗಿ ಮೆಟ್ಟಿಲು ಹತ್ತುತ್ತಿರುವಾಗಲೇ ಗಾಳಿ ಏಳುತ್ತದೆ. ಈಗ ಬಲಿಯೇ ಬೇಕಿಲ್ಲ ಅಲ್ವಾ? ಆದರೂ ನಿಲ್ಲುವುದಿಲ್ಲ. ಕತ್ತಿ ನಮಗೆ ಕಾಣುವುದಿಲ್ಲ, ತಂದೆಯ ಮುಖ ಕಾಣುತ್ತದೆ. ಆಮೇಲೆ ಹಡಗುಗಳು, ಗಾಳಿಗೆ ಹಾರುವ ಕೂದಲ ಹಿಂದೆ ತಾಯಿಯ ಪಾತ್ರ ಮಾಡಿದ ಐರೀನ್ ಪಾಪಾಸ್‌ಳ ಕಣ್ಣು. ಯುದ್ಧ ಮುಗಿಸಿ ಗಂಡ ಮರಳಿ ಬಂದ ದಿನ ಅವಳು ಅವನನ್ನು ಕೊಲ್ಲುತ್ತಾಳೆ ಎಂಬುದು ಆ ಕಣ್ಣಲ್ಲೇ ಇದೆ.

ಈಗ ನಿನ್ನ ಮೊದಲ ಪುಟಕ್ಕೆ ಬರುತ್ತೇನೆ. ಒಂದು ಧ್ವನಿ ಎರಡು ನಿಮಿಷ ಟ್ರಾಯ್ ಯುದ್ಧದ ಹಿನ್ನೆಲೆ ಹೇಳುತ್ತದೆ. ಅದನ್ನು ತೆಗೆದುಹಾಕು. ಯೂರಿಪಿಡೀಸ್ ನಿನಗೆ ಬೇರೆ ಆರಂಭ ಕೊಟ್ಟಿದ್ದಾನೆ. ಬೆಳಗಾಗುವ ಮುಂಚೆ, ದೀಪದ ಬೆಳಕಿನಲ್ಲಿ, ಅಗಮೆಮ್ನಾನ್ ಕಾಗದ ಬರೆಯುತ್ತಿದ್ದಾನೆ. ಕಾಗದ ಅಂದರೆ ಮರದ ಹಲಗೆ. ಬರೆಯುತ್ತಾನೆ, ಬರೆದದ್ದನ್ನೇ ಅಳಿಸುತ್ತಾನೆ. ಮುದ್ರೆ ಒತ್ತುತ್ತಾನೆ, ಒತ್ತಿದ ಮುದ್ರೆಯನ್ನು ಒಡೆಯುತ್ತಾನೆ. ಹಲಗೆಯನ್ನು ನೆಲಕ್ಕೆ ಎಸೆದು ಅಳುತ್ತಾನೆ. ಮುದಿ ಸೇವಕ ಇದನ್ನೆಲ್ಲ ನೋಡುತ್ತಿದ್ದಾನೆ. ಮಗಳನ್ನು ಕಳಿಸು ಎಂದು ಹೆಂಡತಿಗೆ ಬರೆದಾಗಿದೆ, ಈಗ ಕಳಿಸಬೇಡ ಎಂದು ಬರೆಯುತ್ತಿದ್ದಾನೆ. ಅದು ಅವಳಿಗೆ ತಲುಪುವುದೇ ಇಲ್ಲ. ಸುಮಾರು 2,400 ವರ್ಷದ ಹಿಂದೆ ಬರೆದ ಈ ಸಾಲುಗಳಲ್ಲಿ ಶಾಟ್ ವಿಭಜನೆಯೂ ಸೇರಿಯೇ ಇದೆ. ನಿನಗೆ ಬೇಕಾದದ್ದು ಒಂದು ದೀಪ, ಒಂದು ಹಲಗೆ, ಒಳ್ಳೆಯ ನಟ. ಯುದ್ಧ ಯಾಕೆ ಶುರುವಾಯಿತು ಅನ್ನುವುದು ಆಮೇಲೆ ಮಾತಿನ ನಡುವೆ ತಾನಾಗಿ ಬರುತ್ತದೆ.

ಹಾಗೆಯೇ ತಂದೆ ಮಗಳ ಮೊದಲ ಭೇಟಿ. ನೀನು ಅಲ್ಲಿ ಅಪ್ಪನಿಗೆ ದೊಡ್ಡ ಮಾತು ಬರೆದಿದ್ದೀಯ, ಕಣ್ಣೀರು, ತಬ್ಬುವುದು. ಮೂಲದಲ್ಲಿ ಅವರು ಆಡುವುದು ಚಿಕ್ಕ ಚಿಕ್ಕ ಮಾತು. ಅಪ್ಪ, ನನ್ನನ್ನು ಕಂಡು ಸಂತೋಷ ಅನ್ನುತ್ತೀಯ, ಮುಖ ಯಾಕೆ ಹೀಗಿದೆ? ನೀನು ದೂರ ಹೋಗುತ್ತೀಯಾ? ನೀನೂ ಹೋಗುತ್ತೀಯ ಮಗಳೇ. ಅಮ್ಮನ ಜೊತೆಗಾ, ಒಬ್ಬಳೇನಾ? ಒಬ್ಬಳೇ. ಹೋಗುವ ಮುಂಚೆ ಇಲ್ಲಿ ಒಂದು ಬಲಿ ಕೊಡಬೇಕು. ಹಾಗಾದರೆ ನಾವು ಬಲಿಪೀಠದ ಸುತ್ತ ಕುಣಿಯುತ್ತೇವಾ? ನೀನು ಅಲ್ಲೇ ಹತ್ತಿರ ನಿಂತಿರುತ್ತೀಯ. ಪ್ರತಿ ಮಾತೂ ಅವಳಿಗೆ ಒಂದು ಥರ, ನಮಗೆ ಇನ್ನೊಂದು ಥರ ಕೇಳುತ್ತದೆ. ಇಲ್ಲಿ ನಟನಿಗೆ ಕಣ್ಣೀರು ಹಾಕಲು ಬಿಡಬೇಡ. ಹಿನ್ನೆಲೆ ಸಂಗೀತವೂ ಬೇಡ.

ಅವಳ ಮನಸ್ಸು ಬದಲಾಗುವ ಜಾಗವನ್ನು ನೀನು ಅರ್ಧ ಪುಟದಲ್ಲಿ ಮುಗಿಸಿದ್ದೀಯ. ಅದು ಸಾಲದು. ಮೊದಲು ಅವಳು ಬದುಕಿಗಾಗಿ ಬೇಡುತ್ತಾಳೆ. ನಿನ್ನನ್ನು ಮೊದಲು ಅಪ್ಪಾ ಅಂದವಳು ನಾನು, ನಿನ್ನ ಮಡಿಲಲ್ಲಿ ಕೂತವಳು ನಾನು, ಅನ್ನುತ್ತಾಳೆ. ಸ್ವಲ್ಪ ಹೊತ್ತಿಗೆ, ಗ್ರೀಸಿಗಾಗಿ ನಾನೇ ಸಾಯುತ್ತೇನೆ ಅನ್ನುತ್ತಾಳೆ. ಬೇಡಿಕೊಂಡ ಹುಡುಗಿಗೂ ಈ ಹುಡುಗಿಗೂ ಹೊಂದುವುದಿಲ್ಲ ಎಂದು ಅರಿಸ್ಟಾಟಲ್ ತಪ್ಪು ತೆಗೆದ. ನನಗೆ ಹಾಗೆ ಅನ್ನಿಸುವುದಿಲ್ಲ. ನಡುವೆ ಏನಾಯಿತು ನೋಡು. ಅವಳನ್ನು ಕಾಪಾಡುತ್ತೇನೆ ಎಂದ ಅಖಿಲೀಸ್ ಬಂದು, ಸೈನಿಕರು ನನ್ನ ಮೇಲೇ ಕಲ್ಲು ಬೀಸಲು ಎದ್ದರು, ನನ್ನ ಸ್ವಂತ ಪಡೆಯವರೇ ಮೊದಲು ಎದ್ದರು ಅನ್ನುತ್ತಾನೆ. ಅವಳು ಅದನ್ನು ನಿಂತು ಕೇಳುತ್ತಾಳೆ. ತಪ್ಪಿಸಿಕೊಳ್ಳುವ ದಾರಿ ಮುಚ್ಚಿತು. ಇನ್ನು ಅವಳ ಕೈಯಲ್ಲಿ ಉಳಿದದ್ದು ಹೇಗೆ ಸಾಯಬೇಕು ಎಂಬುದೊಂದೇ. ಅಖಿಲೀಸ್ ಮಾತಾಡುವಾಗ ಕ್ಯಾಮೆರಾ ಅವಳ ಮುಖದ ಮೇಲಿರಲಿ. ಆಗ ಯಾರಿಗೂ ಅನುಮಾನ ಬರುವುದಿಲ್ಲ.

'ಅತ್ತೆ ಏನನ್ನೂ ಬದಲಿಸಬೇಡ ಅನ್ನುತ್ತಿದ್ದಾಳೆ' ಅಂದುಕೊಳ್ಳಬೇಡ. ಗ್ರೀಕರೇ ಬದಲಿಸಿದ್ದಾರೆ. ಯೂರಿಪಿಡೀಸ್‌ಗಿಂತ ಅರ್ಧ ಶತಮಾನ ಮುಂಚೆ ಈಸ್ಕಿಲಸ್ ತನ್ನ ನಾಟಕದಲ್ಲಿ ಇದೇ ಹುಡುಗಿಯನ್ನು ಬಾಯಿಗೆ ಬಟ್ಟೆ ತುರುಕಿ ಮೇಕೆಯಂತೆ ಎತ್ತಿ ಹಿಡಿಸಿದ. ಮಾತಾಡಲಾಗದೆ ಅವಳು ಒಬ್ಬೊಬ್ಬರನ್ನೂ ಚಿತ್ರದೊಳಗಿನ ಹೆಣ್ಣಿನ ಹಾಗೆ ನೋಡುತ್ತಾಳೆ. ಅಲ್ಲಿ ಅವಳ ಒಪ್ಪಿಗೆಯ ಮಾತೇ ಇಲ್ಲ. ನಮ್ಮ ಬಿ.ಎಂ.ಶ್ರೀಯವರನ್ನೇ ನೋಡು. ಸೊಫೋಕ್ಲೀಸನ ಏಜಾಕ್ಸ್ ಹುಚ್ಚಿನಲ್ಲಿ ದನ ಕುರಿಗಳನ್ನು ಶತ್ರುಗಳೆಂದು ಕೊಂದು, ಎಚ್ಚರವಾದ ಮೇಲೆ ನಾಚಿಕೆ ತಾಳದೆ ಸಾಯುತ್ತಾನೆ. 1929ರಲ್ಲಿ ಶ್ರೀಯವರು ಅವನನ್ನು ಅಶ್ವತ್ಥಾಮನ್ ಮಾಡಿದರು. ಮಹಾಭಾರತದಲ್ಲಿ ಅಶ್ವತ್ಥಾಮ ಚಿರಂಜೀವಿ. ಅವನನ್ನು ಸಾಯಿಸಿಬಿಟ್ಟರು ಎಂದು ಆಕ್ಷೇಪ ಬಂತು. ಆದರೂ ನಾಟಕ ನಿಂತಿತು. ಊರು, ಕುಲ, ಯುದ್ಧ ಎಲ್ಲ ಬದಲಾದರೂ ನಾಚಿಕೆಯ ಗಂಟನ್ನು ಅವರು ಸಡಿಲ ಮಾಡಲಿಲ್ಲ.

ಸಿನಿಮಾದಲ್ಲೂ ಹಾಗೆ. ಸತ್ತ ಹೆಂಡತಿಯನ್ನು ಕರೆತರಲು ಪಾತಾಳಕ್ಕೆ ಹೋದ ಆರ್ಫಿಯಸ್‌ನನ್ನು ಫ್ರೆಂಚ್ ನಿರ್ದೇಶಕ ಕೊಕ್ಟೋ 1950ರಲ್ಲಿ ಪ್ಯಾರಿಸ್ ಕವಿಯಾಗಿ ಮಾಡಿದ. ಪಾತಾಳದ ಬಾಗಿಲು ಮನೆಯ ಕನ್ನಡಿ. ಕೈ ಕನ್ನಡಿಯೊಳಗೆ ಇಳಿಯುವ ಶಾಟ್‌ಗೆ ಪಾದರಸ ತುಂಬಿದ ತೊಟ್ಟಿ. ಹಿಂತಿರುಗಿ ನೋಡಬಾರದ ಹೆಂಡತಿಯನ್ನು ಅವನು ನೋಡಿಬಿಡುವುದು ಕಾರಿನ ಕನ್ನಡಿಯಲ್ಲಿ. ಕೊನೆಗೆ ಗಂಡ ಹೆಂಡತಿ ಇಬ್ಬರೂ ಬದುಕುತ್ತಾರೆ, ಹೌದು. ಸುಮ್ನೆ ಬದುಕುವುದಿಲ್ಲ. ಅವನನ್ನು ಪ್ರೀತಿಸಿದ ಮೃತ್ಯುವೇ ಅವನನ್ನು ಬಿಟ್ಟುಕೊಟ್ಟು ಶಿಕ್ಷೆಗೆ ಹೋಗುತ್ತಾಳೆ. ಬೆಲೆಯನ್ನು ಯಾರೋ ಕೊಟ್ಟಿದ್ದಾರೆ. ಒಂಬತ್ತು ವರ್ಷದ ನಂತರ ಇನ್ನೊಂದು ಚಿತ್ರದಲ್ಲಿ ಅದೇ ಕಥೆ ಬ್ರೆಜಿಲಿನ ರಿಯೋ ಊರಿನ ಕಾರ್ನಿವಲ್‌ಗೆ ಹೋಯಿತು. ಅಲ್ಲಿ ಆರ್ಫಿಯಸ್ ಟ್ರಾಮ್ ಕಂಡಕ್ಟರ್. ಕತ್ತಲಲ್ಲಿ ಅವಳನ್ನು ಹುಡುಕಲು ಅವನೇ ಕರೆಂಟ್ ಹಾಕುತ್ತಾನೆ, ಆ ಕರೆಂಟೇ ಅವಳನ್ನು ಕೊಲ್ಲುತ್ತದೆ. ನಿನ್ನ ಜಿಂಕೆಗೆ ಬೆಲೆ ಕೊಟ್ಟವರು ಯಾರು, ಸುಹಾಸ? ನಿನ್ನ ಸ್ಕ್ರಿಪ್ಟ್‌ನಲ್ಲಿ ನನಗೆ ಯಾರೂ ಕಾಣಲಿಲ್ಲ.

ದೇವರುಗಳ ವಿಷಯ. 'ಬಜೆಟ್ ಇದ್ದರೆ ಆರ್ಟೆಮಿಸ್, ಗ್ರಾಫಿಕ್ಸ್' ಎಂದು ಬರೆದಿದ್ದೀಯ. ಬಜೆಟ್ ಬಂದರೂ ಬೇಡ. 1963ರ ಜೇಸನ್ ಚಿತ್ರದಲ್ಲಿ ದೇವರು ಮನುಷ್ಯರನ್ನು ಚದುರಂಗದ ಕಾಯಿಗಳ ಹಾಗೆ ಹಲಗೆಯ ಮೇಲೆ ನಡೆಸುತ್ತಾರೆ. ಆ ಸಾಹಸಕಥೆಗೆ ಅದು ಚೆನ್ನ. ಅದರಲ್ಲಿ ಏಳು ಅಸ್ಥಿಪಂಜರಗಳು ಮೂವರ ಜೊತೆ ಕತ್ತಿ ಹಿಡಿದು ಕಾದಾಡುತ್ತವೆ. ಕೆಲವೇ ನಿಮಿಷದ ಆ ಕಾಳಗಕ್ಕೆ ರೇ ಹ್ಯಾರಿಹೌಸನ್ ಒಂದೊಂದೇ ಫ್ರೇಮ್ ಬೊಂಬೆ ಸರಿಸುತ್ತಾ ನಾಲ್ಕೂವರೆ ತಿಂಗಳು ಕೂತ. ಆ ಶ್ರಮಕ್ಕೆ ಕೈ ಮುಗಿಯಬೇಕು. ನಿನ್ನ ಕಥೆಗೆ ಅದು ಬೇಕಾಗಿಲ್ಲ.

2004ರ ಟ್ರಾಯ್ ಚಿತ್ರ ದೇವರನ್ನು ಬಹುತೇಕ ಬಿಟ್ಟಿತು. ಬಿಡಲಿ, ತಪ್ಪಲ್ಲ. ಆದರೆ ಆ ಜಾಗದಲ್ಲಿ ಏನನ್ನೂ ಇಡಲಿಲ್ಲ, ಅದಕ್ಕೇ ಚಿತ್ರದ ತುಂಬ ಬರೀ ಜಗಳ. ಒಂದು ಕಡೆ ಮಾತ್ರ ಉಸಿರು ಹಿಡಿದು ಕೂತೆ. ಟ್ರಾಯ್‌ನ ಮುದುಕ ದೊರೆ ಪ್ರಿಯಾಮ್ ರಾತ್ರಿ ಒಬ್ಬನೇ ಶತ್ರು ಅಖಿಲೀಸನ ಡೇರೆಗೆ ಬಂದು, ಮಗನನ್ನು ಕೊಂದ ಕೈಗೆ ಮುತ್ತಿಟ್ಟು ಹೆಣ ಕೇಳುತ್ತಾನೆ. ಅದು ಹೋಮರನ ಇಲಿಯಡ್ ಕಾವ್ಯದ ಕೊನೆಯ ಸಂಧಿಯಿಂದ ಬಂದದ್ದು. ಪ್ರಿಯಾಮ್ ಪಾತ್ರ ಮಾಡಿದ ಪೀಟರ್ ಓ'ಟೂಲ್ ಅದನ್ನು ಕೆಡಿಸಲಿಲ್ಲ.

ನಿನ್ನ ಚಿತ್ರದಲ್ಲಿ ದೇವಿಯ ಜಾಗಕ್ಕೆ ನೀರನ್ನು ಇಡು ಅನ್ನಿಸುತ್ತದೆ ನನಗೆ. ಔಲಿಸ್ ಇರುವುದು ಎವ್ರಿಪೋಸ್ ಜಲಸಂಧಿಯ ಪಕ್ಕ. ಅಲ್ಲಿಯ ಪ್ರವಾಹ ದಿನಕ್ಕೆ ಹಲವು ಸಲ ದಿಕ್ಕು ಬದಲಿಸುತ್ತದೆ. ನಿನ್ನ ಗೆಳೆಯರನ್ನು ಕೇಳು, ಖಾಲ್ಕಿಸ್ ಸೇತುವೆಯ ಮೇಲೆ ನಿಂತು ಜನ ಅದನ್ನು ನೋಡುತ್ತಾರೆ. ಗಾಳಿ ನಿಂತಿದೆ, ನೀರು ಮಾತ್ರ ಅತ್ತಿಂದಿತ್ತ ಹರಿಯುತ್ತಿದೆ, ಅಗಮೆಮ್ನಾನ್ ಕಾಗದ ಬರೆದು ಅಳಿಸಿದ ಹಾಗೆ. ಶೂಟಿಂಗ್‌ಗೆ ಹೋದಾಗ ಮೊದಲ ದಿನ ಬರೀ ಅದನ್ನು ಚಿತ್ರೀಕರಿಸು.

ಇನ್ನೊಂದು. ಇಫಿಜೀನಿಯಾ ಪಾತ್ರಕ್ಕೆ ಇಪ್ಪತ್ತೈದು ವರ್ಷದ ನಟಿಯ ಫೋಟೋ ಕಳಿಸಿದ್ದೀಯ. ಒಳ್ಳೆಯ ನಟಿ ಇರಬಹುದು. ಆದರೆ ಅಪ್ಪನ ಮಡಿಲಿನ ನೆನಪು ಇನ್ನೂ ಹಸಿಯಾಗಿರುವ, ಮದುವೆ ಅಂದರೆ ಹೊಸ ಬಟ್ಟೆ ಅಂದುಕೊಳ್ಳುವ ವಯಸ್ಸಿನ ಹುಡುಗಿ ಬೇಕು. ಕಕೊಯಾನಿಸ್ ಆರಿಸಿದ್ದೂ ಅಂಥ ಎಳೆಯ ಹುಡುಗಿಯನ್ನೇ. ಅವಳ ತಂದೆ ತಾಯಿಯ ಜೊತೆ ನೀನೇ ಕೂತು ಮಾತಾಡು, ಪೂರ್ತಿ ಕಥೆ ಹೇಳು, ಏನನ್ನೂ ಮುಚ್ಚಿಡಬೇಡ. ಬಲಿಪೀಠದ ದೃಶ್ಯದ ದಿನ ತಾಯಿ ಸೆಟ್‌ನಲ್ಲೇ ಇರಲಿ.

ನಿನ್ನ ಪ್ರಿಂಟ್‌ನಲ್ಲಿ ಪೆನ್ಸಿಲ್ ಗುರುತು ಹಾಕಿದ್ದೇನೆ. ಪಕ್ಕದ ಮನೆ ಹುಡುಗನ ಕೈಲಿ ಫೋಟೋ ತೆಗೆಸಿ ನಾಳೆ ಕಳಿಸುತ್ತೇನೆ. ಹತ್ತೊಂಬತ್ತನೇ ಪುಟಕ್ಕೆ ಮಾತ್ರ ಏನೂ ಬರೆದಿಲ್ಲ. ಅದನ್ನು ನೀನೇ ಮತ್ತೆ ಬರೆದು ಕಳಿಸು, ಕಾಯುತ್ತಿರುತ್ತೇನೆ. ಚಳಿ ಶುರುವಾಗಿರಬೇಕು ಅಲ್ಲಿ, ಕಿವಿ ಮುಚ್ಚಿಕೊಂಡು ಓಡಾಡು.

ನಿನ್ನ ಪ್ರೀತಿಯ
ಅತ್ತೆ